ಗೊಸಾಕು ಕೇಳಿದ ರಜೆ

"ಕೇಳಿರಪ್ಪೋ ಕೇಳಿ! ದೊರೆಯ ಅಪ್ಪಣೆ! ರಾಜಕುಮಾರಿ ಚಿಗುಸಾ ಮೂರು ಒಗಟು ಹೇಳುತ್ತಾಳೆ. ಒಡೆದವನಿಗೆ ಅವಳನ್ನು ಕೊಟ್ಟು ಮದುವೆ, ಮೇಲೆ ಬೇಡಿದ ಒಂದು ವರ. ತಪ್ಪಿದವನ ತಲೆ ಓಬೊನ್ ಹಬ್ಬದ ಮರುದಿನ ನೆಲಕ್ಕೆ!"

ಜಪಾನಿನ ಒಂದು ಪುಟ್ಟ ನಡುಗಡ್ಡೆಯಲ್ಲಿ ಹೀಗೆ ಡಂಗುರ ಸಾರಿದರು. ಓಬೊನ್ ಎಂದರೆ ತೀರಿಹೋದ ಹಿರಿಯರು ವರ್ಷಕ್ಕೊಮ್ಮೆ ಮನೆಗೆ ಬಂದು ಉಂಡು ಹೋಗುವ ಹಬ್ಬ. ಆಗ ನಾಡಿಗೆ ನಾಡೇ ತನ್ನ ಊರಿಗೆ ಹೊರಡುತ್ತದೆ. ದಾರಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ, ಛತ್ರಗಳು ತುಂಬಿ ತುಳುಕುತ್ತವೆ. ಅಂಥ ಒಂದು ಛತ್ರದಲ್ಲಿ ಸ್ನಾನದ ಹಂಡೆಗೆ ಉರಿ ಹಾಕುವವನು ಗೊಸಾಕು. ಎಲ್ಲರೂ ಹಬ್ಬಕ್ಕೆ ಹೋಗುವಾಗಲೇ ಪಾಪ ಅವನಿಗೆ ಮೈಮುರಿಯುವ ಕೆಲಸ.

ಆದರೆ ಹೋದ ಚಳಿಗಾಲದಲ್ಲಿ ಅವನ ತಾಯಿ ತೀರಿಕೊಂಡಿದ್ದಳು. ಇದು ಅವಳ ಮೊದಲ ಓಬೊನ್. ಮಗ ಬಾಗಿಲಲ್ಲಿ ಬೆಂಕಿ ಹಚ್ಚದಿದ್ದರೆ ಆ ಮುದುಕಿ ಮನೆ ಹುಡುಕುವುದು ಹೇಗೆ? ಗೊಸಾಕು ರಜೆ ಕೇಳಿದ.

"ಹಬ್ಬದ ಹೊತ್ತಲ್ಲಿ ರಜೆನಾ? ಹೋಗಿ ದೊರೆನೇ ಕೇಳು!" ಎಂದು ಛತ್ರದೊಡತಿ ಗದರಿದಳು.

ಗೊಸಾಕು ಎಂಥ ಹುಂಬ ನೋಡಿ, ನಿಜವಾಗಿಯೂ ದೊರೆಯನ್ನೇ ಕೇಳಲು ಹೊರಟ.

ಸಭೆಯಲ್ಲಿ ಮೂವರು ದೊಡ್ಡವರ ಮಕ್ಕಳು ಮುಂದೆ ಕುಳಿತಿದ್ದರು. ಗೊಸಾಕು ಬಾಗಿಲ ಹತ್ತಿರ ಮುದುರಿ ಕುಳಿತ.

"ನಿನ್ನೆ ಸಂಜೆ ಹುಟ್ಟಿದ ಕೂಸಿಗೆ ಇವತ್ತು ಬೆಳಗ್ಗೆ ಎರಡು ವರ್ಷ. ಅದು ಹೇಗೆ?" ಎಂದಳು ಚಿಗುಸಾ.

"ಅದು ರಾಕ್ಷಸರ ಕೂಸು!" ಎಂದು ಸೇನಾಪತಿಯ ಮಗ ಮೀಸೆ ತಿರುವಿದ. ಮೀಸೆ ಸಮೇತ ಅವನನ್ನು ಸೆರೆಮನೆಗೆ ಎಳೆದೊಯ್ದರು.

"ಅಮ್ಮಣ್ಣಿ, ಆ ಕೂಸು ನಾನೇ," ಎಂದ ಗೊಸಾಕು. "ನಮ್ಮಲ್ಲಿ ಹುಟ್ಟಿದ ಕೂಡಲೇ ಒಂದು ವರ್ಷ ಅಂತಾರೆ. ಹೊಸ ವರ್ಷದ ಬೆಳಗ್ಗೆ ಎಲ್ಲರಿಗೂ ಇನ್ನೊಂದು ಕೂಡುತ್ತೆ. ನಾನು ಹುಟ್ಟಿದ್ದು ವರ್ಷದ ಕೊನೇ ಸಂಜೆ. ಎರಡು ವರ್ಷ ತುಂಬಿದರೂ ಹಲ್ಲೇ ಬಂದಿಲ್ಲವಲ್ಲೋ ಅಂತ ಅಮ್ಮ ನಗ್ತಿದ್ದಳು."

ಚಿಗುಸಾ ನಗು ತಡೆದುಕೊಂಡಳು. "ಹತ್ತನೇ ತಿಂಗಳಲ್ಲಿ ದೇವರೆಲ್ಲ ಗುಡಿ ಬಿಟ್ಟು ಇಜುಮೊ ಕ್ಷೇತ್ರದ ಸಭೆಗೆ ಹೋಗುತ್ತಾರೆ. ಆಗ ಊರು ಕಾಯುವವರು ಯಾರು?"

"ನಮ್ಮಂಥ ಶ್ರೀಮಂತರು," ಎಂದ ಹಡಗಿನ ಸಾಹುಕಾರನ ಮಗ. ಅವನೂ ಸೆರೆ ಸೇರಿದ.

"ಎಬಿಸು ದೇವರು," ಎಂದ ಗೊಸಾಕು. "ಕಿವಿ ಮಂದ, ಸಭೆಗೆ ಕರೆದದ್ದು ಕೇಳಿಸೋದಿಲ್ಲ ಅಂತಾರೆ. ಎಲ್ಲರೂ ಹೋದಮೇಲೆ ಮನೇಲಿ ಒಬ್ಬ ಇರಬೇಕಲ್ಲ. ಅವನ ಕಷ್ಟ ನನಗೆ ಗೊತ್ತು."

ಮೂರನೆಯದಕ್ಕೆ ರಾಜಕುಮಾರಿಯ ದನಿ ತಗ್ಗಿತು. "ದಾರಿ ಒಂದೇ. ಬರುವಾಗ ಹತ್ತಿರ, ಹೋಗುವಾಗ ದೂರ. ಯಾವ ದಾರಿ?"

"ಬೆಟ್ಟದ ದಾರಿ. ಬರುವಾಗ ಇಳಿಜಾರು, ಹೋಗುವಾಗ ಏರು," ಎಂದ ನೆರೆರಾಜ್ಯದ ರಾಜಕುಮಾರ. ಸಭೆಯೆಲ್ಲ ತಲೆದೂಗಿತು. ಚಿಗುಸಾ ಮಾತ್ರ ಅಲ್ಲವೆಂದಳು. ಅವನನ್ನೂ ಸೆರೆಗೆ ಒಯ್ದರು.

ಗೊಸಾಕು ಮುಂದೆ ಸರಿದು ಕೈಮುಗಿದ. ತಲೆ ಕಡಿಯುವ ಕಟುಕ ಮೂಲೆಯಲ್ಲಿ ಕತ್ತಿ ಒರೆಸಿಕೊಳ್ಳುತ್ತಿದ್ದ.

"ಅದು ಓಬೊನ್‌ಗೆ ಹಿರಿಯರು ಬರೋ ದಾರಿ ಅಮ್ಮಣ್ಣಿ. ಬೇಗ ಬರಲಿ ಅಂತ ಸೌತೆಕಾಯಿಗೆ ಕಡ್ಡಿ ಚುಚ್ಚಿ ಕುದುರೆ ಮಾಡಿಡ್ತೀವಿ. ನಿಧಾನವಾಗಿ ಹೋಗಲಿ ಅಂತ ಬದನೆಕಾಯಿ ಎತ್ತು ಮಾಡಿಡ್ತೀವಿ."

ಚಿಗುಸಾಳ ಕಣ್ಣು ತುಂಬಿತು. ಅವಳೂ ತಾಯಿ ಇಲ್ಲದವಳು. ಇದು ಹೊಳೆದವನ ಜೊತೆ ಬಾಳಬಹುದು ಎಂದುಕೊಂಡೇ ಈ ಒಗಟು ಕಟ್ಟಿದ್ದಳು.

"ವರ ಕೇಳಪ್ಪ. ಅರ್ಧ ರಾಜ್ಯ ಬೇಕೇನು?" ಎಂದ ದೊರೆ.

"ರಜೆ ಕೊಡಿ ಬುದ್ಧಿ. ಸೆರೆಯಲ್ಲಿರೋರಿಗೂ ಕೊಡಿ. ಅವರ ಮನೆಗೂ ಹಿರಿಯರು ಬರ್ತಾರೆ."

ದೊರೆ ಹೊಟ್ಟೆ ಹಿಡಿದುಕೊಂಡು ನಕ್ಕ. "ಹೋಗಲಿ, ಹೋಗಲಿ! ತಲೆಗಳನ್ನೂ ಜೊತೆಗೇ ತಗೊಂಡು ಹೋಗಲಿ!"

ಮದುವೆ ಅಂದೇ ಆಯಿತು. ಹಬ್ಬದ ಜನಜಂಗುಳಿಯಲ್ಲಿ ನುಗ್ಗಿ, ತುಳಿಸಿಕೊಂಡು, ಗಂಡಹೆಂಡಿರು ಸಂಜೆಗೆ ಗೊಸಾಕುವಿನ ಗುಡಿಸಲು ಸೇರಿದರು. ಇಬ್ಬರು ತಾಯಂದಿರಿಗೂ ಬಾಗಿಲಲ್ಲಿ ಒಂದೇ ಬೆಂಕಿ ಹಚ್ಚಿದರು. ಅಡಿಗೆಮನೆ ಕಂಡರಿಯದ ಚಿಗುಸಾ ನಾಲಗೆ ಕಚ್ಚಿಕೊಂಡು ಬದನೆಕಾಯಿಗೆ ಕಡ್ಡಿ ಚುಚ್ಚಿದಳು.

"ಅಯ್ಯೋ, ಒಂದು ಕಾಲು ಗಿಡ್ಡವಾಯಿತು. ಎತ್ತು ಕುಂಟುತ್ತದೆ. ಬೇರೆ ಮಾಡಲಾ?"

ಗೊಸಾಕು ಬೆಂಕಿಯನ್ನೇ ನೋಡುತ್ತಿದ್ದ.

"ಬೇಡ, ಕುಂಟಲಿ," ಎಂದ. "ಇನ್ನೊಂದು ಕಾಲನ್ನೂ ಚೂರು ಮುರಿದುಬಿಡು."