ಚನವೀರನ ಸಹನೆ

ಮಲಪ್ರಭೆಯ ದಂಡೆಯ ಮೇಲೊಂದು ಸಣ್ಣ ಮಠ. ಅಲ್ಲಿ ಗುರುಪಾದಜ್ಜ, ಅವರ ಶಿಷ್ಯ ಚನವೀರ.

ಅಜ್ಜಾರ ಗಂಟಲಿಗೆ ಬೇನೆ ಬಂದಿತ್ತು. ದನಿ ಇನ್ನು ಹೆಚ್ಚು ದಿನ ಉಳಿಯೋದಿಲ್ಲ ಅಂತ ಡಾಕ್ಟರು ಹೇಳಿಬಿಟ್ಟಿದ್ದರು. ಅದು ಹೋಗುವುದರೊಳಗೆ ಅಜ್ಜಾರು ಕೊನೆಯ ಪ್ರವಚನ ಹೇಳಿ ಮುಗಿಸಬೇಕು, ಚನವೀರ ಅದನ್ನು ಕಂಪ್ಯೂಟರಿನಲ್ಲಿ ಟೈಪ್ ಮಾಡಬೇಕು. ಇಷ್ಟೇ ಕೆಲಸ.

ಇಷ್ಟೇ ಅಂದರೆ ಆಯಿತೇ? ಆ ಕಂಪ್ಯೂಟರಿನಲ್ಲಿದ್ದ ಸಾಫ್ಟ್‌ವೇರಿನ ದೌಲತ್ತು ನೋಡಬೇಕಿತ್ತು! ಅಜ್ಜಾರು ಬಾಯಿ ತೆರೆದರೆ ಅದು ಪಾಸ್‌ವರ್ಡ್ ಕೇಳುತ್ತಿತ್ತು. ಮಾತು ಕುದುರಿತು ಅನ್ನುವಷ್ಟರಲ್ಲಿ 'ಅಪ್‌ಡೇಟ್ ಆಗುತ್ತಿದೆ, ಆಫ್ ಮಾಡಬೇಡಿ' ಅಂತ ಗಿರಗಿರ ಸುತ್ತುತ್ತ ಕೂರುತ್ತಿತ್ತು. ನಿನ್ನೆ ಇದ್ದ ಬಟನ್ ಇವತ್ತು ಇರುತ್ತಿರಲಿಲ್ಲ. ಯಾರನ್ನು ಕೇಳಿ ತೆಗೆದರೋ, ಆ ಶಿವನಿಗೇ ಗೊತ್ತು.

ಚನವೀರ ಮಾತ್ರ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಇದೂ ಒಂದು ಸಾಧನೆ, ತನ್ನ ಸಹನೆಯ ಪರೀಕ್ಷೆ ಅಂತ ತಿಳಿದಿದ್ದ. ಅದು ಸುತ್ತುವಷ್ಟು ಹೊತ್ತು ಕಣ್ಣು ಮುಚ್ಚಿ ಜಪ ಮಾಡುತ್ತಿದ್ದ. ಒಳಗೊಳಗೆ ಕೊಂಚ ಹೆಮ್ಮೆಯೂ ಇತ್ತು.

ಒಂದು ಬೆಳಿಗ್ಗೆ ಅಜ್ಜಾರು ಕೆಮ್ಮುತ್ತ, ನೀರು ಗುಟುಕರಿಸುತ್ತ ಬಹಳ ಹೊತ್ತು ಹೇಳಿದರು. ಇನ್ನೇನು ಮುಗಿಯಿತು ಅನ್ನುವಾಗ ಪರದೆ ಕಪ್ಪಾಯಿತು. ಮತ್ತೆ ಬೆಳಗಿದಾಗ ಹೇಳಿದ್ದೆಲ್ಲ ಮಾಯ.

"ಎಲ್ಲಾ ಹೋತ್ರಿ ಅಜ್ಜಾರ," ಅಂದ ಚನವೀರ. "ಆದ್ರ ನಂಗ ಒಂಚೂರೂ ಸಿಟ್ಟು ಬರ್ಲಿಲ್ರಿ."

"ನಿನ್ನ ಸಹನೆಗೆ ಬೆಂಕಿ ಹಾಕ!" ಅಜ್ಜಾರು ಗದರಿದರು. "ಸವೆಯಾಕ ಹತ್ತಿದ್ದು ನನ್ನ ಗಂಟಲು. ನನ್ನ ಗಂಟಲ ಮ್ಯಾಲ ನೀ ಸಹನೆ ಕಲೀತಿ ಏನು?"

ಚನವೀರನಿಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ.

"ಬ್ಯಾರೆ ದಾರಿ ಇಲ್ಲಲ್ರಿ, ಅಜ್ಜಾರ."

"ಹುಡುಕೀಯೇನು?"

ಹುಡುಕಿರಲಿಲ್ಲ.

ಅವತ್ತೇ ಊರೊಳಗೆ ಹೋಗಿ, ಶಾಲೆಯಲ್ಲಿ ಕಂಪ್ಯೂಟರ್ ಕಲಿಸುವ ನೀಲಾಂಬಿಕಾ ಟೀಚರನ್ನು ಕರೆತಂದ. ಅವರು ಹಳೆಯದನ್ನು ಕಿತ್ತುಹಾಕಿ ಬೇರೊಂದು ಸಾಫ್ಟ್‌ವೇರ್ ಹಾಕಿಕೊಟ್ಟರು.

"ಇದನ್ನ ಎಲ್ಲೆಲ್ಲಿಯೋ ಮಂದಿ ಕೂಡಿ ಮಾಡ್ಯಾರ," ಅಂದರು ಟೀಚರು. "ಹೆಂಗ ಮಾಡ್ಯಾರ ಅನ್ನೂದನ್ನೂ ಮುಚ್ಚಿಟ್ಟಿಲ್ಲ. ಬೇಕಾದವ್ರು ನೋಡಬಹುದು, ತಿದ್ದಬಹುದು, ಹಂಚಬಹುದು."

ಅದು ಪಾಸ್‌ವರ್ಡ್ ಕೇಳಲಿಲ್ಲ. ನಡುವೆ ಬಾಯಿ ಹಾಕಲಿಲ್ಲ. ಕೆಲಸ ಸರಾಗ ಸಾಗಿತು. ಆದರೆ ಕನ್ನಡದಲ್ಲಿ ಪ್ಯಾರಾ ಉದ್ದವಾದರೆ ಕರ್ಸರ್ ತಟ್ಟನೆ ಹಿಂದಕ್ಕೆ ಜಿಗಿಯುತ್ತಿತ್ತು. ಚನವೀರ ಹಿಡಿದು ತರಬೇಕು, ಅಜ್ಜಾರು ಕಾಯಬೇಕು.

"ಪುಕ್ಕಟೆ ಸಿಕ್ಕಿದ್ದು ನೋಡ್ರಿ, ಹಿಂಗ ಇರ್ತೈತಿ," ಅಂತ ಗೊಣಗಿದ.

ಅಜ್ಜಾರು ಅದನ್ನು ಕೇಳಿಸಿಕೊಂಡರು. ಮಧ್ಯಾಹ್ನ ದಾಸೋಹದ ಪಂಕ್ತಿಯಲ್ಲಿ ಅವನನ್ನು ಪಕ್ಕದಲ್ಲೇ ಕೂರಿಸಿಕೊಂಡರು. ಸಾರಿಗೆ ಉಪ್ಪು ಕಡಿಮೆಯಾಗಿತ್ತು. ಚನವೀರ ಒಂದು ತುತ್ತು ಉಂಡವನೇ ಎದ್ದ. ಕೈ ತೊಳೆದು ಒಳಗೆ ಹೋಗಿ, ಕೊಪ್ಪರಿಗೆಗೆ ಉಪ್ಪು ಹಾಕಿ ತಿರುವಿ, ಪಂಕ್ತಿಗೆಲ್ಲ ಬಡಿಸಿ ಬಂದು ಕೂತ.

"ಯಾರನ್ನ ಕೇಳಿ ಒಳಗ ಹೋದಿ?" ಅಂದರು ಅಜ್ಜಾರು.

"ದಾಸೋಹದ ಅಡಗಿಮನಿಗೆ ಯಾರನ್ನ ಕೇಳೂದೈತ್ರಿ? ಕಡಿಮಿ ಬಿದ್ದಿದ್ದು ಕಂಡೋರು ಹಾಕೂದು."

"ಪುಕ್ಕಟೆ ಊಟ ಅಲ್ಲೇನೋ? ಬೈದು ಸುಮ್ಕ ಕುಂದ್ರಬೇಕಿತ್ತು."

ಚನವೀರನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಊಟ ಮುಗಿಸಿದವನೇ ಟೀಚರ ನೆರವು ಪಡೆದು ಆ ಸಾಫ್ಟ್‌ವೇರ್ ಮಾಡಿದವರಿಗೆ ಇಂಗ್ಲಿಷಿನಲ್ಲಿ ಬರೆದ: ಕರ್ಸರ್ ಇಂಥಲ್ಲಿ ಹೀಗೆ ಜಿಗಿಯುತ್ತದೆ, ನಮ್ಮ ಗುರುಗಳ ದನಿ ಹೋಗುತ್ತಿದೆ, ಏನಾದರೂ ಮಾಡಿ.

ಕೆಲವೇ ದಿನಗಳಲ್ಲಿ ಅಜ್ಜಾರ ಕೋಣೆಗೆ ಓಡಿಬಂದ.

"ಅಜ್ಜಾರ, ಸರಿ ಮಾಡ್ಯಾರ್ರೀ! ಮಧುರೈಯಾಗಿನ ಒಬ್ಬಾಕಿ, ಯಾವುದೋ ಹಿಮ ಬೀಳೂ ದೇಶದಾಗಿನ ಒಬ್ಬಾಂವ. ಕನ್ನಡದ ಒಂದಕ್ಷರ ಬರೂದಿಲ್ಲ ಅವ್ರಿಗೆ. ನಮ್ಮ ಸಲುವಾಗಿ ಕುಂತು ತಿದ್ಯಾರ. ಮ್ಯಾಲ, ತಪ್ಪು ತೋರಿಸಿದ್ದಕ್ಕ ನನಗ ಥ್ಯಾಂಕ್ಸ್ ಹೇಳ್ಯಾರ! ಎಂಥಾ ದೊಡ್ಡ ಮಂದಿ ಅಜ್ಜಾರ!"

ಹೇಳುತ್ತ ಹೇಳುತ್ತ ಅವನ ಕಣ್ಣು ತುಂಬಿ ಬಂತು. ಅಜ್ಜಾರು ಹಾಸಿಗೆಯಿಂದ ಎದ್ದು, ಕಂಪ್ಯೂಟರ್ ಇದ್ದಲ್ಲಿಗೆ ಬಂದು, ಅದರ ಪರದೆಗೆ ಕೈ ಮುಗಿದರು.

ಮುಂದೆ ಒಂದು ಮಾತೂ ಕಳೆಯಲಿಲ್ಲ. ಅಜ್ಜಾರ ದನಿ ದಿನದಿನಕ್ಕೆ ಇಳಿಯಿತು, ಪಿಸುಮಾತಾಯಿತು. ಚನವೀರ ಅವರ ಬಾಯಿಗೆ ಕಿವಿ ಹಚ್ಚಿ ಕೇಳಿ ಬರೆದ. ಒಂದು ಸಂಜೆ ಪ್ರವಚನ ಮುಗಿಯಿತು. ಅಬ್ಬಾ, ದನಿ ಇರುವಾಗಲೇ ಮುಗಿಯಿತು!

ಇನ್ನು ಹಂಚುವುದೊಂದೇ ಬಾಕಿ. ಚನವೀರನಿಗೆ ಅಷ್ಟರಲ್ಲಿ ಭಯ ಹತ್ತಿತು. ಇಷ್ಟು ಕಷ್ಟಪಟ್ಟು ಉಳಿಸಿದ ಮಾತು!

"ಅಜ್ಜಾರ, ಇದಕ್ಕೊಂದು ಕೀಲಿ ಹಾಕಿ ಕಳಸ್ಲೇನ್ರಿ? ಓದ್ಲಿ, ಆದ್ರ ಯಾರೂ ಒಂದಕ್ಷರ ಮುಟ್ಟಬಾರ್ದು. ನಿಮ್ಮ ಮಾತಿನಾಗ ಕೈ ಆಡಿಸಿದ್ರ ಹೆಂಗ್ರಿ? ಮಾತಾಡಬ್ಯಾಡ್ರಿ, ಕೈ ಸನ್ನಿ ಮಾಡ್ರಿ, ಸಾಕು."

ಅಜ್ಜಾರು ಸನ್ನೆ ಮಾಡಲಿಲ್ಲ. ಅವನನ್ನು ಹತ್ತಿರಕ್ಕೆಳೆದುಕೊಂಡು, ಉಳಿದಿದ್ದ ಅಷ್ಟಿಷ್ಟು ದನಿಯನ್ನೂ ಕೂಡಿಸಿ ಕೇಳಿದರು:

"ನಾ ತಪ್ಪು ಹೇಳಿದ್ರ, ತಿದ್ದಾವ್ರು ಒಳಗ ಹೆಂಗ ಬರಬೇಕೋ?"