ಕಟ್ ಅನ್ನುವವರೆಗೆ

ಕಪಿಲಾ ನದಿಯ ದಡದಲ್ಲಿ ಪುಟ್ಟಮಾದಯ್ಯ ಎಂಬ ಹಳೇ ನಟರು ಹದಿಹರೆಯದ ಮಕ್ಕಳಿಗೆ ಕ್ಯಾಮೆರಾ ಮುಂದೆ ನಟಿಸುವುದನ್ನು ಕಲಿಸುತ್ತಿದ್ದರು. ಅವರದು ಒಂದೇ ಕಟ್ಟಪ್ಪಣೆ. ಗುರುಗಳು ‘ಕಟ್’ ಅನ್ನುವವರೆಗೆ ನೆಲದ ಮೇಲಿನ ಸೀಮೆಸುಣ್ಣದ ಗುರುತು ಬಿಟ್ಟು ಯಾರೂ ಕದಲಬಾರದು.

ಹದಿನಾರರ ಇಂಚರ ಆ ಗುರುತಿನ ಮೇಲೆ ಕಂಬದ ಹಾಗೆ ನಿಲ್ಲುತ್ತಿದ್ದಳು. ಮೂಗಿನ ಮೇಲೆ ಸೊಳ್ಳೆ ಕೂತರೂ ಅಲ್ಲಾಡಳು. ಗುರುಗಳಿಗೆ ಅದೇ ದೊಡ್ಡ ಹೆಮ್ಮೆ.

ಅಂದು ಸಂಜೆಯೊಳಗೆ ಅವಳ ಒಂದು ದೃಶ್ಯ ತೆಗೆದು ಸಿನಿಮಾದವರಿಗೆ ಕಳಿಸಬೇಕಿತ್ತು. ಅವರಿಗೆ ಹಿಡಿಸಿದರೆ ಪಾತ್ರ ಅವಳದೇ. ದೃಶ್ಯ ಇಷ್ಟೇ: ಅಪ್ಪ ಮಗಳ ಕಣ್ಣೆದುರೇ ಕುಸಿದು ಬೀಳುತ್ತಾನೆ.

ಇಂಚರ ಎದೆಯ ಮೇಲೆ ಕೈಯಿಟ್ಟು ಬಾಯಿ ತೆರೆದಳು.

“ಸೀರಿಯಲ್ ಆಯ್ತು,” ಅಂದರು ಗುರುಗಳು. “ಇನ್ನೊಂದ್ಸಲ.”

ಬೆಳಗ್ಗೆಯಿಂದ ಇದೇ ಪಾಡು. ಗುರುಗಳು ತಿಂಡಿಯನ್ನೂ ಮುಟ್ಟಿರಲಿಲ್ಲ. ಅವರಿಗೋ ಸಕ್ಕರೆ ಕಾಯಿಲೆ; ಬೆಳಗಿನ ಮಾತ್ರೆ ಮಾತ್ರ ನುಂಗಿದ್ದರು.

“ಎದುರಿಗೆ ಯಾರೂ ಇಲ್ದೆ ಹೆಂಗೆ ಸರ್ ಶಾಕ್ ಆಗೋದು?”

“ಸರಿ, ನಾನೇ ನಿಮ್ಮಪ್ಪ.”

ಕ್ಯಾಮೆರಾ ಚಾಲೂ ಮಾಡಿ ಅವಳೆದುರು ಬಂದು ನಿಂತರು. ಅಪ್ಪನ ಎರಡು ಮಾತು ಆಡಿದರು. ಬಿದ್ದರು.

ಇಂಚರಳ ಕೈ ಎದೆಗೆ ಹೋಗಲಿಲ್ಲ. ತುಟಿ ಅದುರಿತು, ಕಣ್ಣೀರು ತಾನಾಗಿ ಇಳಿಯಿತು. ಈ ಸಲ ಸರಿಯಾಗಿ ಬಂತು ಅಂದುಕೊಂಡಳು. ‘ಕಟ್’ ಕೇಳಲು ಕಾಯುತ್ತಾ ನಿಂತಳು.

ಊಟಕ್ಕೆ ಕರೆಯಲು ಬಂದ ಅಡುಗೆಯ ಮಂಗಳಮ್ಮ ಬಾಗಿಲಲ್ಲೇ ಕಿರುಚಿದಳು.

“ಅಯ್ಯೋ ಶಿವನೇ! ಏನ್ ನೋಡ್ಕೊಂಡ್ ನಿಂತಿದ್ದೀಯೇ? ಸಕ್ರೆ ತಗೊಂಬಾ, ಓಡು!”

ಮಂಗಳಮ್ಮ ಅವರ ಬಾಯೊಳಗೆ ಸಕ್ಕರೆ ಸವರಿ, ತಲೆಯನ್ನು ತೊಡೆಯ ಮೇಲೆ ಹಿಡಿದುಕೊಂಡು ಕೂತ ಮೇಲೆ ಗುರುಗಳು ಕಣ್ಣು ಬಿಟ್ಟರು.

“ನೀವು ಕಟ್ ಅನ್ಲಿಲ್ಲ ಸರ್,” ಅಂದಳು ಇಂಚರ. ಅವಳ ಹಲ್ಲು ಕಟಕಟ ಅನ್ನುತ್ತಿತ್ತು.

ಆ ಮಾತಿಗೆ ಗುರುಗಳ ಮುಖ ಬಿಳಿಚಿತು; ಬಿದ್ದಾಗಲೂ ಅಷ್ಟು ಬಿಳಿಚಿರಲಿಲ್ಲ.

ಸಂಜೆಯ ಹೊತ್ತಿಗೆ ಗುರುಗಳು ಚೇತರಿಸಿಕೊಂಡ ಮೇಲೆ ಇಬ್ಬರೂ ಕೂತು ತೆಗೆದದ್ದನ್ನು ನೋಡಿದರು. ಅಷ್ಟು ಚೆಂದದ ಅಭಿನಯವನ್ನು ಆ ಶಾಲೆ ಕಂಡಿರಲಿಲ್ಲ. ಚಿತ್ರದ ಮೂಲೆಯಲ್ಲಿ ಗುರುಗಳ ಒಂದು ಕಾಲು, ಚಪ್ಪಲಿ ಕಳಚಿಹೋದದ್ದು, ನೆಲಕ್ಕೆ ಬಡಿದುಕೊಳ್ಳುತ್ತಲೇ ಇತ್ತು. ಹುಡುಗಿ ಅಳುತ್ತಲೇ ಇದ್ದಳು, ಮುಖದ ಮೇಲಿನ ಬೆಳಕು ಚೂರೂ ತಪ್ಪದ ಹಾಗೆ.

ಹೇಳುವ ನನಗೇ ಮೈ ಜುಮ್ಮೆನ್ನುತ್ತದೆ. ಅವಳ ಗತಿ ಏನಾಗಿರಬೇಡ!

“ಆ ಮೂಲೆ ಕತ್ತರಿಸಿ ಕಳಿಸಿದ್ರೆ ಪಾತ್ರ ನಿಂದೇ,” ಅಂದರು ಗುರುಗಳು.

ಇಂಚರ ಕ್ಯಾಮೆರಾ ಕಸಿದುಕೊಂಡು ಆ ದೃಶ್ಯವನ್ನು ಅಳಿಸಿಹಾಕಿದಳು. ಆಮೇಲೆ ಮೂಗು ಸುರಿಸಿಕೊಂಡು, ಮುಖ ಕಿವುಚಿಕೊಂಡು ಅತ್ತಳು.

“ಈಗೇನ್ ಕಳಿಸೋದು ಸರ್? ಸಂಜೆ ಆಗೋಯ್ತು. ಏನಾದ್ರೂ ಹೇಳ್ಕೊಡಿ.”

ಗುರುಗಳು ಹೆಗಲ ಟವೆಲನ್ನು ಒದ್ದೆ ಮಾಡಿಕೊಂಡು ಬಂದರು. ಮಂಡಿಯೂರಿ ನೆಲದ ಗುರುತನ್ನು ಒರೆಸಿದರು.

“ಒಂದು ಪಾಠ ಹೇಳ್ಕೊಡೋದೇ ಮರ್ತುಬಿಟ್ಟಿದ್ದೆ ಕಣ್ ತಾಯಿ. ಎಲ್ಲಿ, ನನ್ನ ಮುಖ ನೋಡ್ಕೊಂಡು ಜೋರಾಗಿ ‘ಕಟ್’ ಅನ್ನು.”