ಹಿಪ್ಪೆತೋಪಿನ ಕತ್ತಲೆವ್ರತ

ತೋಪಿನಮ್ಮನಿಗೆ ಶರಣು, ಅವಳ ಕತ್ತಲೆಗೆ ಶರಣು. ಬಂದವರು ದೀಪದ ಸುತ್ತ ಕೂರಿ, ಮಕ್ಕಳ ಕೈಗೆ ಏನಾದರೂ ತಿನ್ನಲು ಕೊಟ್ಟು ಸುಮ್ಮನಿರಿಸಿ, ಒಂದೇ ಮನಸ್ಸಿನಿಂದ ಕೇಳಿ. ಒಂದೇ ಮನಸ್ಸು ಇಲ್ಲದವರು ಇದ್ದಷ್ಟು ಮನಸ್ಸಿನಿಂದ ಕೇಳಿ.

ಪೂರ್ವಕಾಲದಲ್ಲಿ ತೊರೆಪುರವೆಂಬ ಊರಿತ್ತು. ಊರಾಚೆ ಹಿಪ್ಪೆಮರಗಳ ತೋಪು, ತೋಪಿನಾಚೆ ಒಂದು ಹಳೆಯ ಆಲದ ಮರ, ಆ ಮರದ ತುಂಬ ತಲೆಕೆಳಗಾಗಿ ನೇತಾಡುವ ಬಾವಲಿಗಳು. ಆ ಊರಿನಲ್ಲಿ ಜೋತಪ್ಪನೆಂಬ ಗಾಣಿಗನೂ ಅವನ ಹೆಂಡತಿ ಹೊನ್ನಾಜಮ್ಮನೂ ಹಿಪ್ಪೆಬೀಜ ಆಯ್ದು, ಒಣಗಿಸಿ, ಗಾಣಕ್ಕೆ ಹಾಕಿ, ಎಣ್ಣೆಯನ್ನು ಊರಿನ ದೀಪಗಳಿಗೂ ಹಿಂಡಿಯನ್ನು ಊರಿನ ಎಲೆತೋಟಗಳಿಗೂ ಕೊಟ್ಟು, ಸಿಕ್ಕಾಗ ಉಂಡು, ಸಿಗದಾಗ ಗಂಜಿ ಕುಡಿದು ಬಾಳುತ್ತಿದ್ದರು. ಆ ಗಾಣ ಬಿಟ್ಟರೆ ಅವರಿಗೆ ಬೇರೆ ಆಧಾರವಿರಲಿಲ್ಲ.

ಆ ಮನೆಯಲ್ಲಿ ಒಂದು ವ್ರತವಿತ್ತು. ಚೈತ್ರದಲ್ಲಿ ಹಿಪ್ಪೆ ಹೂ ಬಿಡುವಷ್ಟು ದಿನ, ಹೊತ್ತು ಮುಳುಗಿದ ಮೇಲೆ ತೋಪಿಗೆ ದೀಪ ಒಯ್ಯಬಾರದು, ಬೆಂಕಿ ಹಾಕಬಾರದು, ಗಟ್ಟಿಯಾಗಿ ಮಾತಾಡಬಾರದು. ಹಣ್ಣಾದಾಗ ತುದಿಕೊಂಬೆಗಳನ್ನು ಬಡಿಯದೆ ಬಿಡಬೇಕು. ಜೋತಪ್ಪನ ತಾಯಿ ಕೆಂಚಮ್ಮ ಇದನ್ನು ಒಂದು ವರ್ಷವೂ ತಪ್ಪಿಸಿದವಳಲ್ಲ. ಹೊನ್ನಾಜಮ್ಮ ಒಮ್ಮೆ ಕೇಳಿದಳು: “ಎಣ್ಣೆ ಮಾರೋರ ಮನೇಲಿ ದೀಪ ಹಚ್ಚಬಾರದು ಅನ್ನೋ ವ್ರತವೇ ಅತ್ತೆ? ಯಾತಕ್ಕೆ?”

“ನಂಗೊತ್ತಿಲ್ಲ ಕಣವ್ವ. ನಮ್ಮತ್ತೆ ಮಾಡ್ತಿದ್ರು, ನಾನೂ ಮಾಡ್ದೆ.”

“ನಿಮ್ಮತ್ತೆಗೆ ಗೊತ್ತಿತ್ತಾ?”

“ಅವರನ್ನ ಕೇಳೋ ಧೈರ್ಯ ಯಾರಿಗಿತ್ತು?”

ಹೀಗೆ ವ್ರತ ಉಳಿದಿತ್ತು, ಕಾರಣ ಸತ್ತಿತ್ತು. ಕಾರಣ ಸತ್ತ ವ್ರತ ಬಹಳ ದಿನ ಬದುಕುವುದಿಲ್ಲ. ಕೆಂಚಮ್ಮ ತೀರಿಕೊಂಡ ವರ್ಷವೇ ಹೊನ್ನಾಜಮ್ಮ ಅದನ್ನೂ ಅವಳ ಜೊತೆಗೆ ಕಳಿಸಿಕೊಟ್ಟಳು.

ಆಷಾಢ ಬಂತು, ಹಣ್ಣು ಮಾಗಿತು, ಸಂಜೆಯಾದೊಡನೆ ಬಾವಲಿಗಳು ತೋಪಿಗೆ ಇಳಿದವು. ಹೊನ್ನಾಜಮ್ಮ ಗಂಡನನ್ನು ಹೊರಗೆ ಕರೆದು ತೋರಿಸಿದಳು: “ನೋಡಿ, ನಮ್ಮ ಎಣ್ಣೆ ಹಾರಿ ಹೋಗ್ತಿದೆ.”

“ಹಣ್ಣು ತಿಂದು ಬೀಜಾನ ಆಲದ ಕೆಳಗೇ ಉಗುಳ್ತಾವಲ್ಲೇ. ದಿನಾ ಬೆಳಗ್ಗೆ ನೀನೇ ಆಯ್ತೀಯ.”

“ಉಗುಳಿದ್ದು ಕಾಣುತ್ತೆ. ನುಂಗಿದ್ದನ್ನ ಕಂಡೋರ್ಯಾರು?”

ಜೋತಪ್ಪ ಹೂಂಗುಟ್ಟಿದ. ಗಾಣದೆತ್ತಿನ ಜೊತೆ ಬಾಳಿ ಬಾಳಿ ಅವನಿಗೂ ತೋರಿಸಿದ ದಾರಿಯಲ್ಲಿ ಸುತ್ತುವುದಷ್ಟೇ ರೂಢಿಯಾಗಿತ್ತು. ಹೊನ್ನಾಜಮ್ಮ ಊರಿಗೆ ಹೇಳಿದಳು; ಊರಿಗೆ ಹೆಚ್ಚು ಹೇಳಬೇಕಾಗಲಿಲ್ಲ. ಪೂಜಾರಿಗೆ ಅವು ಅಪಶಕುನವಾಗಿದ್ದವು, ಬಟ್ಟೆ ಒಣಹಾಕುವವರಿಗೆ ಹೊಲಸಾಗಿದ್ದವು, ಹರೆಯದವರಿಗೆ ಬಾಡಾಗಿದ್ದವು. ಧರ್ಮ, ಶುಚಿ, ನಾಲಿಗೆ ಮೂರೂ ಒಂದಾದ ಕೆಲಸ ಬೇಗ ಮುಗಿಯುತ್ತದೆ. ತಮಟೆ ಬಡಿದು, ಆಲದ ಬುಡಕ್ಕೆ ಹೊಗೆ ಹಾಕಿ, ಬಲೆ ಕಟ್ಟಿ, ಬಿದ್ದವನ್ನು ಬೇಯಿಸಿ ತಿಂದರು. ತಪ್ಪಿಸಿಕೊಂಡವು ಮತ್ತೆ ಆ ಕಡೆ ಮುಖ ಹಾಕಲಿಲ್ಲ.

ಆ ವರ್ಷ ಹಣ್ಣೆಲ್ಲ ಮನೆಗೇ ಬಂತು. ಕೊಡಗಳು ತುಂಬಿ ಎಣ್ಣೆಗೆ ಹೊಸ ಕೊಡ ತರಿಸಬೇಕಾಯಿತು. ಊರೆಲ್ಲ ಹೊನ್ನಾಜಮ್ಮನ ಬುದ್ಧಿಯನ್ನು ಹೊಗಳಿತು. ತಪ್ಪನ್ನು ಸರಿಯೆನ್ನಲು ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕೆ?

ಮರುವರ್ಷ ಚೈತ್ರದಲ್ಲಿ ತೋಪು ಹಿಂದೆಂದಿಗಿಂತ ಹೆಚ್ಚು ಹೂಬಿಟ್ಟಿತು. ಇರುಳು ಅರಳಿದ ಹೂವು ಮುಟ್ಟುವವರಿಲ್ಲದೆ ಬೆಳಗಾಗುವಷ್ಟರಲ್ಲಿ ಉದುರಿತು. ಕಾಯಿ ಕಚ್ಚಲಿಲ್ಲ. ಗಾಳಿಯ ದಯೆಯಿಂದ ಕಚ್ಚಿದ್ದು ಒಂದು ಮಡಿಲಿಗೂ ಸಾಲಲಿಲ್ಲ. ಅದರ ಮರುವರ್ಷವೂ ಹಾಗೆಯೇ. ಬಾವಲಿ ಹೋಗಿ ಹೂವು ಬರಡಾಯಿತು, ಹೂವು ಬರಡಾಗಿ ಬೀಜ ಇಲ್ಲವಾಯಿತು, ಬೀಜವಿಲ್ಲದೆ ಗಾಣ ನಿಂತಿತು, ಗಾಣ ನಿಂತು ಹಿಂಡಿ ಇಲ್ಲವಾಯಿತು, ಹಿಂಡಿಯಿಲ್ಲದ ಎಲೆತೋಟದ ಬೇರಿಗೆ ಹುಳು ಹತ್ತಿತು, ಬಳ್ಳಿ ಒಣಗಿ ತೋಟದವರು ಗುಳೆ ಹೋದರು. ದೂರದ ಗುಡ್ಡದಲ್ಲಿ ಬಾವಲಿ ಬೀಳಿಸಿದ ಬೀಜದಿಂದ ಏಳುತ್ತಿದ್ದ ಸಸಿಗಳೂ ಏಳಲಿಲ್ಲ. ಅದನ್ನು ಮಾತ್ರ ಯಾರೂ ಗಮನಿಸಲಿಲ್ಲ.

ಊರು ಮಳೆಯನ್ನು ಬೈಯಿತು, ಗ್ರಹಗಳನ್ನು ಬೈಯಿತು. ಹೂ ಬಿಟ್ಟ ತೋಪಿನಲ್ಲೇ ಹೋಮ ಮಾಡಿಸಿತು. ಆ ಹೊಗೆಗೆ, ಇರುಳು ಹೂವಿಗೆ ಬರುತ್ತಿದ್ದ ಪತಂಗಗಳೂ ಓಡಿದವು. ಕೊನೆಗೆ, ಬಾವಲಿಯ ಎಲುಬು ಚೀಪಿದ ಬಾಯಿಗಳೇ ಹೊನ್ನಾಜಮ್ಮನನ್ನು ಊರು ತಿಂದವಳೆಂದವು. ಜೋತಪ್ಪ ಎತ್ತನ್ನು ಸಂತೆಗೆ ಹೊಡೆದು ಮಾರಿದ. ಒಂದು ದಿನ ಒಲೆಗೆ ಸೌದೆಯಿಲ್ಲದೆ, ಗಾಣದ ಮರವನ್ನೇ ಸೀಳಲು ಕೊಡಲಿ ತೆಗೆದುಕೊಂಡ.

ಆಗ ಕಪ್ಪು ಕಂಬಳಿ ಹೊದ್ದ ಮುದುಕಿಯೊಬ್ಬಳು ಬಾಗಿಲಿಗೆ ಬಂದು ತಲೆಗೆ ಎಣ್ಣೆ ಬೇಡಿದಳು. ಅವಳು ತೋಪಿನಮ್ಮ. ದೇವರುಗಳು ಹೀಗೆಯೇ, ಎಲ್ಲ ಹಾಳಾದ ಮೇಲೆ ಬರುತ್ತಾರೆ.

“ಎಣ್ಣೆ ಇಲ್ಲ ಅಜ್ಜಿ” ಎಂದಳು ಹೊನ್ನಾಜಮ್ಮ. “ಗಾಣವೂ ಈಗ ಸೌದೆ.”

“ಹೆಂಗಿದ್ದೀತು? ಕಳ್ಳರು ಅಂತ ಹಿಡಿಸಿದೆಯಲ್ಲ, ಅವರು ನಿನ್ನ ಆಳುಗಳು. ಒಂದು ಮರದ ಹೂವಿನ ಧೂಳು ಇನ್ನೊಂದು ಮರದ ಹೂವಿಗೆ ಮುಟ್ಟಿಸ್ತಿದ್ದೋರು. ಕೇಳಿದ ಕೂಲಿ ತುದಿಕೊಂಬೆಯ ನಾಲ್ಕು ಹಣ್ಣು. ಬೆಳಕಿಗೆ, ಗದ್ದಲಕ್ಕೆ ಅವರು ಬೆದರಬಾರದು ಅಂತಲೇ ನಿನ್ನತ್ತೆಯ ಕತ್ತಲೆವ್ರತ.”

ಹೊನ್ನಾಜಮ್ಮ ಅವಳ ಗುರುತು ಹಿಡಿದು ಕಾಲಿಗೆ ಬಿದ್ದಳು. “ತಪ್ಪಾಯ್ತು ತಾಯಿ. ಅವನ್ನ ತಿರುಗಿ ಕರೆಸು.”

“ಒಂದು ಸಲ ಬಡಿಸಿದ್ದೆ, ತಿಂದು ಮುಗಿಸಿದಿರಿ. ಮತ್ತೆ ಮತ್ತೆ ಬಡಿಸೋಕೆ ನಾನೇನು ನಿಮ್ಮನೆ ಅಡುಗೆಯವಳೇ? ಅವು ಬರಬೇಕಾದರೆ ಹಣ್ಣು ಇರಬೇಕು. ಹಣ್ಣು ಆಗಬೇಕಾದರೆ ಅವು ಬರಬೇಕು. ನಡುವೆ ನೀನು ನಿಲ್ಲು.”

ಹೀಗೆಂದು ವಿಧಿಯನ್ನು ಹೇಳಿದಳು. ಉದ್ದನೆಯ ಗಳದ ತುದಿಗೆ ಹತ್ತಿ ಕಟ್ಟಿ, ಹೂ ಅರಳುವ ಹೊತ್ತಿಗೆ ದೀಪವಿಲ್ಲದೆ ತೋಪಿಗೆ ಹೋಗಿ, ಒಂದು ಮರದ ಹೂವನ್ನು ಸವರಿ, ಅದೇ ಹತ್ತಿಯಿಂದ ಇನ್ನೊಂದು ಮರದ ಹೂವನ್ನು ಸವರಬೇಕು. ಮಾತಾಡಬಾರದು. ದಣಿವಾಯಿತೆಂದು ನಿಲ್ಲಬಾರದು. ಹೇಳಿ ಮುಗಿಸಿ ಎಣ್ಣೆಯಿಲ್ಲದ ತಲೆಯಲ್ಲೇ ಹೊರಟುಹೋದಳು.

ಜೋತಪ್ಪ ಕೊಡಲಿಯನ್ನು ಕೆಳಗಿಟ್ಟ. ಚೈತ್ರ ಬಂದಾಗ ಗಂಡಹೆಂಡಿರು ಗಳ ಹಿಡಿದು ಹೂವಿನಿಂದ ಹೂವಿಗೆ ಅಲೆದರು. ಕೆರೆಯ ಹಾದಿಯಲ್ಲಿ ಹೆಂಗಸರು “ಏನವ್ವ ಹೊನ್ನಾಜಿ, ಯಾವಾಗ ತಲೆಕೆಳಗೆ ನೇತಾಡ್ತೀಯ?” ಎಂದು ನಕ್ಕರು. ಆಷಾಢದಲ್ಲಿ ಗಳಕ್ಕೆ ಎಟುಕಿದ ಕೊಂಬೆಗಳಲ್ಲಿ ಮಾತ್ರ ಹಣ್ಣಾಯಿತು. ಒಂದು ಮೊರ ಬೀಜ ಸಿಕ್ಕಿತು. ಎತ್ತಿಲ್ಲದ ಗಾಣಕ್ಕೆ ಇಬ್ಬರೂ ಹೆಗಲು ಕೊಟ್ಟರು, ಎಣ್ಣೆ ಬಂತು. ಅದನ್ನು ಕಂಡು ಮರುವರ್ಷ ನಕ್ಕವರೂ ಗಳ ಹಿಡಿದರು. ಬಾವಲಿಗಳು ಒಂದಿರುಳಿನಲ್ಲಿ ಹೊಟ್ಟೆಪಾಡಿಗೆಂದು ಮಾಡುತ್ತಿದ್ದುದನ್ನು ಇಡೀ ಊರು ಸೇರಿ ಚೈತ್ರವೆಲ್ಲ ಮಾಡಿಯೂ ಕಾಲುಪಾಲು ಮುಗಿಸಲಾಗಲಿಲ್ಲ. ಹೊನ್ನಾಜಮ್ಮ ಎಟುಕಿದ ಕೊಂಬೆಗಳಲ್ಲೇ ತುದಿಯ ಹಣ್ಣುಗಳನ್ನು ಬಾವಲಿಗಳಿಗೆಂದು ಪ್ರತಿವರ್ಷ ಬಿಟ್ಟಳು. ಅವು ಕೊಳೆತು ಉದುರಿದವು. ಮೇಲೆ ನೋಡಿ ನೋಡಿ ಅವಳ ಕತ್ತು ಹಾಗೆಯೇ ನಿಂತುಬಿಟ್ಟು, ಮೇಲೆ ನೋಡುತ್ತಲೇ ತೀರಿಕೊಂಡಳು. ಬಾವಲಿ ಬರಲಿಲ್ಲ. ಗಾಣ ಉಳಿಯಿತು.

ಈ ಕಥೆಯನ್ನು ಭಕ್ತಿಯಿಂದ ಕೇಳಿದವರಿಗೂ, ಆಕಳಿಸುತ್ತ ಕೇಳಿದವರಿಗೂ, ಓದಿದವರಿಗೂ ಹೊನ್ನಾಜಮ್ಮನಿಗೆ ಸಿಕ್ಕ ಫಲವೇ ಸಿಗುತ್ತದೆ: ದುಡಿದವರಿಗೆ ಒಂದು ಮೊರ ಬೀಜ. ಕೇಳಿ ಸುಮ್ಮನೆ ಮನೆಗೆ ಹೋದವರಿಗೆ ಅದೂ ಇಲ್ಲ. ಅದಕ್ಕಿಂತ ಹೆಚ್ಚಿನದು ಅಮ್ಮನ ಕೈಯಲ್ಲೂ ಇಲ್ಲ.

ಏಳಿ, ಗಳ ತೆಗೆದುಕೊಳ್ಳಿ. ಹೂವು ಬೆಳಗಿನವರೆಗೆ ಕಾಯುವುದಿಲ್ಲ.